ಸ್ವೀಡನ್ನಿನ ಓದುಕೂಟಗಳು

ಕಾದಂಬರಿಯೊಂದನ್ನು ಓದಿ ಮುಗಿಸಿದವನಿಗೆ, ಇಲ್ಲವೆ ಓದುತ್ತ ಅರ್ಧದಲ್ಲಿರುವವನಿಗೆ, ತನ್ನ ಮನಸ್ಸಿನಲ್ಲಿ ಮೂಡಿದುದನ್ನು ಇನ್ನೊಬ್ಬ ಓದುಗನ ಮುಂದೆ ಹೇಳಿಕೊಳ್ಳದೆ ಸಮಾಧಾನವಿಲ್ಲವೆಂಬುದು ಎಲ್ಲ ದೇಶಗಳ ಅನುಭವವೇ ಆದರೂ, ಆ ಮಾತುಕತೆಯನ್ನು ಒಂದು ಸಾರ್ವಜನಿಕ ಸಂಸ್ಥೆಯನ್ನಾಗಿ ಬೆಳೆಯಿಸಿ, ಮರ ಕೊಯ್ಯುವವನಿಗೂ ಹೊಲದಲ್ಲಿ ದುಡಿಯುವವಳಿಗೂ ಅದರಲ್ಲಿ ಸಮಾನವಾದ ಆಸನವನ್ನಿತ್ತ ನಾಡುಗಳು ವಿರಳ. ಅಂಥವುಗಳಲ್ಲಿ ಸ್ವೀಡನ್ ಅಗ್ರಗಣ್ಯವಾದುದು. ಆದರೆ ಇದೇ ನಾಡಿನಲ್ಲಿ, ಹಿಂದೊಂದು ಕಾಲದಲ್ಲಿ, ನೆರೆಹೊರೆಯ ನಾಲ್ಕು ಮಂದಿ ಒಂದು ಮನೆಯಲ್ಲಿ ಕೂಡಿ ಧರ್ಮಗ್ರಂಥವನ್ನೋದಿ ಅದರ ಅರ್ಥವನ್ನು ತಮ್ಮತಮ್ಮಲ್ಲೇ ವಿಚಾರಿಸುವುದು ದಂಡನಾರ್ಹವಾದ ಅಪರಾಧವಾಗಿತ್ತು. ಆ ಸ್ಥಿತಿಯಿಂದ ಈ ಸ್ಥಿತಿಗೆ ಬಂದ ದಾರಿಯನ್ನು ಅರಿಯದೆ ಅಲ್ಲಿನ ಓದುಕೂಟಗಳ ಮಹತ್ತ್ವ ನಮಗೆ ತಿಳಿಯಲಾರದು.

1686ರ ಚರ್ಚಿನ ಶಾಸನವು ಮಕ್ಕಳು, ಆಳುಗಳು, ದಾಸಿಯರು ಎಂಬ ಭೇದವಿಲ್ಲದೆ ಎಲ್ಲರೂ ಓದಲು ಕಲಿತು ದೇವರ ಆಜ್ಞೆಯನ್ನು ಸ್ವಂತ ಕಣ್ಣಿನಿಂದ ಕಾಣಬೇಕೆಂದು ವಿಧಿಸಿತು. ವಿಧಿಸಿದ ಮೇಲೆ ಸುಮ್ಮನಿರಲಿಲ್ಲ. ಪಾದ್ರಿಯು ವರ್ಷಕ್ಕೊಮ್ಮೆ ಊರಿನ ಯಾವುದಾದರೊಂದು ಮನೆಯಲ್ಲಿ ಕುಳಿತು, ಸುತ್ತಲಿನ ಕುಟುಂಬಗಳನ್ನೆಲ್ಲ ಕರೆಯಿಸಿ, ಒಬ್ಬೊಬ್ಬರನ್ನೇ ಓದಿಸಿ, ಲೂಥರನ ಪ್ರಶ್ನೋತ್ತರಮಾಲೆಯನ್ನು ಹೇಳಿಸಿ, ಯಾರ ಓದು ಹೇಗಿದೆಯೆಂಬುದನ್ನು ದಪ್ಪನೆಯ ದಫ್ತರದಲ್ಲಿ ದಾಖಲಿಸುತ್ತಿದ್ದನು. ಪ್ರಶ್ನೋತ್ತರ ಬಾರದವರಿಗೆ ಮದುವೆಯೂ ಕಷ್ಟವಾಗುತ್ತಿತ್ತು. 1842ರಲ್ಲಿ ಪ್ರಾಥಮಿಕ ಶಾಲೆಗಳ ಶಾಸನ ಬರುವುದಕ್ಕೆ ಬಹು ಮುಂಚೆಯೇ ಸ್ವೀಡನ್ನಿನ ರೈತಾಪಿ ಜನರಲ್ಲಿ ಬಹುಮಂದಿ ಓದಬಲ್ಲವರಾಗಿದ್ದರೆಂಬುದಕ್ಕೆ ಈ ದಫ್ತರಗಳೇ ಇಂದಿಗೂ ಸಾಕ್ಷಿಯಾಗಿವೆ. ಬರೆಯಬಲ್ಲವರು ಮಾತ್ರ ಕಡಮೆ. ಪಾದ್ರಿಗೆ ಅದು ಬೇಕಾಗಿರಲಿಲ್ಲ. ಓದುವುದೆಂದರೆ ಕೇಳಿದ ಪ್ರಶ್ನೆಗೆ ನಿಶ್ಚಿತವಾದ ಉತ್ತರವನ್ನೊಪ್ಪಿಸುವುದು ಎಂದಷ್ಟೇ ಆ ಕಾಲದ ಭಾವನೆ. ಓದಿದವನಿಗೆ ಸ್ವಂತ ಅಭಿಪ್ರಾಯವೊಂದಿರಬಹುದೆಂಬ ಕಲ್ಪನೆಗೆ ಅದರಲ್ಲಿ ಎಡೆಯಿರಲಿಲ್ಲ.

ಆದರೆ ಓದಲು ಕಲಿಸಿದವನು ಓದುಗನ ಬುದ್ಧಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಬಲ್ಲನೆಂಬುದು ಎಲ್ಲಿಯೂ ನಡೆದ ಮಾತಲ್ಲ. ತಾವೇ ಓದಿದ ಜನ ತಾವೇ ಯೋಚಿಸತೊಡಗಿ, ಪಾದ್ರಿಯ ಅನುಪಸ್ಥಿತಿಯಲ್ಲಿ ಮನೆಗಳಲ್ಲಿ ಸೇರತೊಡಗಿದಾಗ, 1726ರಲ್ಲಿ ಸರ್ಕಾರವು ಅಂಥ ಖಾಸಗಿ ಧರ್ಮಸಭೆಗಳನ್ನು ನಿಷೇಧಿಸಿ ಕಟ್ಟಾಜ್ಞೆಯನ್ನು ಹೊರಡಿಸಿತು. ಒಂದು ಕುಟುಂಬದವರು ತಮ್ಮೊಳಗೇ ಪ್ರಾರ್ಥನೆ ಮಾಡಬಹುದು. ಹೊರಗಿನವರು ಕೂಡಿದರೆ ದಂಡ, ಸೆರೆ, ಕೊನೆಗೆ ಗಡೀಪಾರು. ಆದರೂ ಉತ್ತರದ ನೊರ್ಲಾಂಡ್ ಪ್ರಾಂತದಲ್ಲಿಯೂ ದಕ್ಷಿಣದ ಸ್ಮೋಲಾಂಡಿನಲ್ಲಿಯೂ ಕೂಟಗಳು ನಿಲ್ಲಲಿಲ್ಲ. ಎರಿಕ್ ಯಾನ್ಸನ್ ಎಂಬ ಉಪದೇಶಕನನ್ನು ಹಿಂಬಾಲಿಸಿದ ರೈತಕುಟುಂಬಗಳು 1846ರಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ, ಇಲಿನಾಯ್ ಸಂಸ್ಥಾನದಲ್ಲಿ ಬಿಷಪ್ ಹಿಲ್ ಎಂಬ ಊರನ್ನೇ ಕಟ್ಟಿಕೊಂಡವು. ತನ್ನ ಮನೆಯಲ್ಲಿ ತನ್ನವರೊಡನೆ ಗ್ರಂಥವಿಚಾರ ಮಾಡುವ ಸ್ವಾತಂತ್ರ್ಯಕ್ಕಾಗಿ ಹುಟ್ಟಿದ ಹೊಲವನ್ನು ಬಿಟ್ಟುಹೋದ ಆ ಜನರ ಧೈರ್ಯವನ್ನು ನೆನೆದಾಗ ನನ್ನಲ್ಲಿ ಗೌರವ ಉಕ್ಕುತ್ತದೆ.

ಇತ್ತ ನಗರದ ಸಿರಿವಂತರ ಮನೆಗಳಲ್ಲಿ ಬೇರೊಂದು ಬಗೆಯ ಓದು ನಡೆದಿತ್ತು. ಉಪ್ಸಾಲಾ ನಗರದಲ್ಲಿ ಮಲ್ಲಾ ಸಿಲ್ವರ್‌ಸ್ಟೋಲ್ಪೆ ಎಂಬ ಮಹಿಳೆಯ ಮನೆಯ ಶುಕ್ರವಾರದ ಸಂಜೆಗಳಲ್ಲಿ ಕವಿಗಳೂ ಪ್ರಾಧ್ಯಾಪಕರೂ ನೆರೆದು ಹೊಸ ಗ್ರಂಥಗಳನ್ನು ಗಟ್ಟಿಯಾಗಿ ಓದಿಸಿ ಕೇಳಿ ಚರ್ಚಿಸುತ್ತಿದ್ದರು. ಕಾದಂಬರಿಯ ಮೇಲಿನ ಅಭಿಪ್ರಾಯಭೇದ ಅಲ್ಲಿ ಎಷ್ಟು ತೀವ್ರವಾಗಬಲ್ಲುದೆಂಬುದು 1839ರಲ್ಲಿ ಆಲ್ಮ್‌ಕ್ವಿಸ್ಟ್ ಎಂಬ ಲೇಖಕನು ಗಾಜುಗಾರನೊಬ್ಬನ ಮಗಳಾದ ಸಾರಾಳ ಕಥೆಯನ್ನು ಪ್ರಕಟಿಸಿದಾಗ ಬಯಲಾಯಿತು. ವಿವಾಹವಿಧಿಯಿಲ್ಲದೆ, ತನ್ನ ಕಸುಬನ್ನೂ ತನ್ನ ಗಳಿಕೆಯನ್ನೂ ತಾನೇ ಇಟ್ಟುಕೊಂಡು, ಪ್ರೀತಿಸಿದವನೊಡನೆ ಬಾಳಬಯಸುವ ಆ ನಾಯಿಕೆಯನ್ನು ಕಂಡು ಸಮಾಜ ತಲ್ಲಣಿಸಿತು. ಓದುಗರು ಪತ್ರಿಕೆಗಳಲ್ಲಿ ಜಗಳವಾಡಿದುದು ಸಾಲದೆ, ಕಾದಂಬರಿಗೆ ಉತ್ತರವಾಗಿ ಕಾದಂಬರಿಗಳನ್ನೇ ಬರೆದರು. ಸ್ನೆಲ್ಮನ್, ಬ್ಲಾಂಶ್ ಎಂಬ ಲೇಖಕರು, ಸ್ವತಃ ಮಲ್ಲಾ ಸಿಲ್ವರ್‌ಸ್ಟೋಲ್ಪೆ, ಒಬ್ಬೊಬ್ಬರೂ ಸಾರಾಳ ಬಾಳಿಗೆ ತಮಗೆ ತೋರಿದ ಮುಂದಿನ ಕಥೆಯನ್ನು ಕಲ್ಪಿಸಿಕೊಟ್ಟರು. ಶಾಲೆಯೊಂದರ ಮುಖ್ಯಾಧ್ಯಾಪಕನಾಗಿದ್ದ ಆಲ್ಮ್‌ಕ್ವಿಸ್ಟ್ ಆ ಉದ್ಯೋಗವನ್ನು ಕಳೆದುಕೊಂಡನು. ಮುಂದೆ 1856ರಲ್ಲಿ ಫ್ರೆಡ್ರಿಕಾ ಬ್ರೆಮೆರ್ ಬರೆದ ‘ಹೆರ್ತಾ’ ಕಾದಂಬರಿಯು, ಅವಿವಾಹಿತ ಸ್ತ್ರೀಯನ್ನು ಎಷ್ಟು ವಯಸ್ಸಾದರೂ ತಂದೆಯ ಇಲ್ಲವೆ ಸಹೋದರನ ಪೋಷಣೆಯಲ್ಲಿರುವ ಅಪ್ರಾಪ್ತೆಯೆಂದೇ ಎಣಿಸುತ್ತಿದ್ದ ಕಾನೂನನ್ನು ಓದುಗರ ನ್ಯಾಯಾಸ್ಥಾನಕ್ಕೆಳೆಯಿತು. ಆ ವಾದ ಮನೆಮನೆಗಳಲ್ಲಿ ಕೆಲಸ ಮಾಡುತ್ತಿರುವಾಗಲೇ, 1858ರಲ್ಲಿ, ಇಪ್ಪತ್ತೈದು ತುಂಬಿದ ಅವಿವಾಹಿತೆಯು ಕೋರಿಕೊಂಡರೆ ನ್ಯಾಯಾಲಯವು ಆಕೆಯನ್ನು ಪ್ರಾಪ್ತವಯಸ್ಕಳೆಂದು ಮನ್ನಿಸಬಹುದೆಂಬ ನಿಯಮ ಬಂದಿತು. ಅದೇ 1858ರಲ್ಲಿ ಮನೆಕೂಟಗಳ ಮೇಲಿನ ಹಳೆಯ ನಿಷೇಧವೂ ತೊಲಗಿತು. ಈ ಎರಡು ಬಿಡುಗಡೆಗಳೂ ಒಂದೇ ವರ್ಷದಲ್ಲಿ ಕೂಡಿಬಂದುದು ಆಕಸ್ಮಿಕವೆನ್ನುವವರು ಎನ್ನಲಿ. ಎರಡಕ್ಕೂ ಮೂಲ, ಓದಿದವರು ಬಾಯಿ ತೆರೆದುದೇ ಎಂದು ನಾನು ತಿಳಿಯುತ್ತೇನೆ.

ಆದರೂ ಕಾದಂಬರಿಯ ಚರ್ಚೆ ಶ್ರೀಮಂತರ ಮನೆಗಳನ್ನು ದಾಟಿ ದುಡಿಯುವವರ ಮಧ್ಯಕ್ಕೆ ಬರಲು ಇನ್ನೂ ಒಂದು ತಲೆಮಾರು ಹಿಡಿಯಿತು. ಅಮೆರಿಕದಿಂದ 1879ರಲ್ಲಿ ಬಂದಿಳಿದ ಗುಡ್ ಟೆಂಪ್ಲರ್ ಎಂಬ ಪಾನನಿರೋಧ ಸಂಘವು ಊರೂರಿನಲ್ಲಿ ಶಾಖೆಗಳನ್ನು ತೆರೆದಿತ್ತು. ಕುಡಿತವನ್ನು ಬಿಟ್ಟವರಿಗೆ ಸಂಜೆಯ ಹೊತ್ತು ಏನು ಮಾಡಬೇಕೆಂಬ ಪ್ರಶ್ನೆ ಸಂಘಕ್ಕೆ ಎದುರಾಗಿತ್ತು. ಅದಕ್ಕೆ ಉತ್ತರವನ್ನು ಕಂಡವನು ಆಸ್ಕರ್ ಓಲ್ಸನ್. ಅವನು 1902ರಲ್ಲಿ ಲುಂಡ್ ನಗರದಲ್ಲಿ ಮೊದಲ ಅಧ್ಯಯನಕೂಟವನ್ನು ನಡೆಸಿದನು. ಅದರ ಕ್ರಮ ಅತ್ಯಂತ ಸರಳವಾದುದು, ಸರಳವಾದುದರಿಂದಲೇ ಬಾಳಿದುದು. ಕೂಟದ ಪ್ರತಿಯೊಬ್ಬ ಸದಸ್ಯನೂ ಒಂದೊಂದು ಪುಸ್ತಕವನ್ನು ಕೊಳ್ಳತಕ್ಕದ್ದು. ಆ ಪುಸ್ತಕಗಳು ಕೈಯಿಂದ ಕೈಗೆ ಸುತ್ತತಕ್ಕದ್ದು. ನಿಯತವಾದ ದಿನಗಳಲ್ಲಿ ಎಲ್ಲರೂ ಕಲೆತು ಓದಿದುದನ್ನು ಕುರಿತು ಮಾತನಾಡತಕ್ಕದ್ದು. ಎಲ್ಲರ ಓದೂ ಮುಗಿದ ಮೇಲೆ ಪುಸ್ತಕಗಳೆಲ್ಲ ಶಾಖೆಯ ಗ್ರಂಥಭಂಡಾರಕ್ಕೆ ಸೇರತಕ್ಕದ್ದು. ಹೀಗೆ ಹತ್ತು ಮಂದಿ ಬಡವರು ಒಂದೊಂದು ಪುಸ್ತಕದ ಬೆಲೆಯಲ್ಲಿ ಹತ್ತು ಪುಸ್ತಕಗಳನ್ನೋದಿದರು, ಊರಿಗೆ ಒಂದು ಪುಸ್ತಕಾಲಯವನ್ನೂ ಬಿಟ್ಟರು. ಕೂಟಕ್ಕೆ ಗುರುವೆಂಬವನಿಲ್ಲ, ಅವರಲ್ಲೇ ಒಬ್ಬನು ಮುಂದಾಳಾಗಿ ಮಾತು ದಾರಿ ತಪ್ಪದಂತೆ ನೋಡಿಕೊಳ್ಳುತ್ತಿದ್ದನು. ಶಾಲೆಯ ಬೆಂಚನ್ನು ಎಳೆತನದಲ್ಲೇ ಬಿಟ್ಟ ಕೂಲಿಕಾರನು ಕಾದಂಬರಿಯ ಪಾತ್ರವೊಂದರ ನಡತೆ ಸರಿಯಲ್ಲವೆಂದು ಹೇಳಿದರೆ, ಅದನ್ನು ತಪ್ಪೆಂದು ದಫ್ತರದಲ್ಲಿ ಬರೆದಿಡುವ ಪಾದ್ರಿ ಅಲ್ಲಿರಲಿಲ್ಲ. ಪಕ್ಕದವನು ಅದನ್ನು ಅಲ್ಲಗಳೆಯಬಹುದು, ಇನ್ನೊಬ್ಬಳು ತನ್ನ ತಾಯಿಯ ಬಾಳನ್ನು ನೆನೆದು ಸಮರ್ಥಿಸಬಹುದು. ಬಂಧವಿಮೋಚನೆಯ ಈ ರೂಪ ನನಗೆ ಎಷ್ಟೋ ರಾಜಕೀಯ ಕ್ರಾಂತಿಗಳಿಗಿಂತ ಹಿರಿದಾಗಿ ಕಾಣುತ್ತದೆ.

ಉಳಿದುದು ಬೇಗ ಬೆಳೆಯಿತು. ಅಮೆರಿಕದ ಪುಸ್ತಕಾಲಯಗಳನ್ನು ನೋಡಿ ಬಂದ ವಾಲ್‌ಫ್ರಿಡ್ ಪಾಲ್ಮ್‌ಗ್ರೆನ್ ಎಂಬ ವಿದುಷಿಯ ಪರಿಶ್ರಮದ ಫಲವಾಗಿ, 1912ರ ಗ್ರಂಥಾಲಯ ನಿಯಮವು ಈ ಕೂಟಗಳ ಪುಸ್ತಕಭಂಡಾರಗಳಿಗೂ ಸರ್ಕಾರದ ಧನಸಹಾಯವನ್ನು ಕೊಡಿಸಿತು. ಅದೇ ವರ್ಷ ಕಾರ್ಮಿಕರ ವಿದ್ಯಾಸಂಘ ಸ್ಥಾಪಿತವಾಯಿತು. ಅದರ ಮೊದಲ ಕಾರ್ಯದರ್ಶಿಯಾಗಿದ್ದ ರಿಕಾರ್ಡ್ ಸ್ಯಾಂಡ್ಲರ್ ಮುಂದೆ 1925ರಲ್ಲಿ ದೇಶದ ಪ್ರಧಾನಮಂತ್ರಿಯಾದನು.

ಈ ಇತಿಹಾಸದಲ್ಲಿ ನನಗೆ ಅತಿ ಪ್ರಿಯವಾದ ಘಟ್ಟ ಇನ್ನು ಮುಂದಿನದು. ಓದಿ ಮಾತನಾಡಿದ ವರ್ಗದಿಂದಲೇ ಬರೆಯುವವರು ಹುಟ್ಟಿಬಂದರು. ದೊಡ್ಡ ಜಮೀನುಗಳಲ್ಲಿ ವರ್ಷದ ಕರಾರಿಗೆ ಸಿಲುಕಿ, ಹೆಚ್ಚಾಗಿ ಕಾಳು ಹಾಲುಗಳ ರೂಪದಲ್ಲೇ ಕೂಲಿ ಪಡೆಯುತ್ತಿದ್ದ ‘ಸ್ಟಾಟಾರೆ’ ಎಂಬ ಜೀತಸದೃಶವಾದ ಕುಟುಂಬಗಳ ಬಾಳನ್ನು ಇವಾರ್ ಲೂ ಯುಹಾನ್ಸನ್, ಮೂವಾ ಮಾರ್ಟಿನ್ಸನ್, ಯಾನ್ ಫ್ರಿಡೆಗೋರ್ಡ್ ಇವರು ಕಾದಂಬರಿಗಿಳಿಸಿದರು. ಆ ಪದ್ಧತಿಯೇ 1945ರಲ್ಲಿ ರದ್ದಾಯಿತು. 1949ರಲ್ಲಿ ವಿಲ್‌ಹೆಲ್ಮ್ ಮೂಬೆರ್ಯ್ ಸ್ಮೋಲಾಂಡಿನಿಂದ ಅಮೆರಿಕಕ್ಕೆ ಹೊರಟವರ ಮಹಾಕಥೆಯ ಮೊದಲ ಸಂಪುಟವನ್ನು ಹೊರತಂದಾಗ, ಮನೆಕೂಟ ನಡೆಸಿದ ತಪ್ಪಿಗಾಗಿ ಕಾಡಿಸಲ್ಪಟ್ಟ ಡಾನ್ಯೆಲ್ ಎಂಬ ರೈತನೂ ಆ ವಲಸೆಗಾರರಲ್ಲಿ ಒಬ್ಬನಾಗಿದ್ದನು. ‘ಫೋಲ್ಕೆಟ್ ಇ ಬಿಲ್ಡ್’ ಎಂಬ ವಾರಪತ್ರಿಕೆಯ ಪ್ರಕಾಶನವು ಇಂಥ ಕಾದಂಬರಿಗಳ ಅಗ್ಗದ ಮುದ್ರಣಗಳನ್ನು ಅಂಗಡಿಗಳಿಗಾಗಿ ಕಾಯದೆ, ಕಾರ್ಖಾನೆಗಳಲ್ಲಿ ದುಡಿಯುವ ತನ್ನ ಪ್ರತಿನಿಧಿಗಳ ಮೂಲಕ ಜೊತೆಗಾರರ ಕೈಗೇ ಮುಟ್ಟಿಸಿತು. ಕೂಡಿ ಓದುವುದನ್ನು ಪೂರ್ವಿಕರಿಗೆ ನಿಷೇಧಿಸಿದ್ದ ಕಥೆಯನ್ನು ಮೊಮ್ಮಕ್ಕಳು ಕೂಡಿ ಓದಿದರು. 1974ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಇಬ್ಬರು ಸ್ವೀಡಿಷ್ ಲೇಖಕರಲ್ಲಿ ಎಯ್ವಿಂಡ್ ಯೋನ್ಸನ್ ಹದಿಮೂರರಲ್ಲಿ ಶಾಲೆ ಬಿಟ್ಟವನು, ಹ್ಯಾರಿ ಮಾರ್ಟಿನ್ಸನ್ ಊರವರ ಆಶ್ರಯದಲ್ಲಿ ಬೆಳೆದವನು.

ನಮ್ಮಲ್ಲಿ ಇದಕ್ಕೆ ಬೀಜವಿರಲಿಲ್ಲವೆಂದಲ್ಲ. ಒಬ್ಬರು ವಾಚಿಸಿ ಮತ್ತೊಬ್ಬರು ವ್ಯಾಖ್ಯಾನಿಸುವ ಗಮಕದ ಸಭೆಗಳು ಜಗಲಿಜಗಲಿಗಳಲ್ಲಿ ನಡೆದಿವೆ, ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರನ್ನು ಹುಡುಕಿದರು, ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬೆಂಬಲದಿಂದಲೇ ಕನ್ನಡ ಕಾದಂಬರಿಯನ್ನು ಮನೆಗಳಿಗೆ ತಲಪಿಸಿತು. ಆದರೆ ಗಮಕದ ಸಭೆಯಲ್ಲಿ ಕೇಳುವವನು ಬಹುಮಟ್ಟಿಗೆ ಕೇಳುವವನಾಗಿಯೇ ಉಳಿದನು. ಚಂದಾದಾರನು ತನ್ನ ಮನೆಯಲ್ಲಿ ಒಬ್ಬನೇ ಓದಿ ಕಪಾಟಿನಲ್ಲಿಟ್ಟನು. 1965ರ ಶಾಸನದಿಂದ ಸಾರ್ವಜನಿಕ ಗ್ರಂಥಾಲಯಗಳು ನಮಗೆ ಬಂದಿವೆ. ಅವುಗಳ ಮೇಜಿನ ಸುತ್ತ ಮೌನವಾಗಿರಬೇಕೆಂಬ ಫಲಕ ಬಂದಿದೆ, ಮಾತನಾಡುವುದಕ್ಕೊಂದು ಸಂಜೆ ಬಂದಿಲ್ಲ.

ಆದುದರಿಂದ ಓದುಗ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟು: ನಿಮ್ಮ ಬೀದಿಯಲ್ಲಿ ಹತ್ತು ಮಂದಿಯನ್ನು ಕೂಡಿಸಿರಿ, ಒಬ್ಬೊಬ್ಬರೂ ಒಂದು ಕನ್ನಡ ಕಾದಂಬರಿಯನ್ನು ಕೊಂಡು ತನ್ನಿರಿ, ಹದಿನೈದು ದಿನಕ್ಕೊಮ್ಮೆ ಸೇರಿ, ಓದಿ ಮುಗಿಸಿದವರೂ ಅರ್ಧಕ್ಕೆ ನಿಂತವರೂ ತಮಗನಿಸಿದುದನ್ನು ಅಂಜದೆ ಹೇಳಿರಿ, ಪುಸ್ತಕಗಳೆಲ್ಲ ಸುತ್ತಿ ಬಂದ ಮೇಲೆ ಅವನ್ನು ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿರಿ.