ಎರಡು ಕಾಲ, ಒಂದೇ ಜನ್ಮ: ಅಮೆರಿಕದ ಕ್ರೈಸ್ತ ಜೋಡಿಕಾಲದ ಕಾದಂಬರಿಗಳ ಆಕರ್ಷಣೆ

ಜೇಮಿ ಜೋ ರೈಟ್ ಅವರ ‘ದ ಹೌಸ್ ಆನ್ ಫಾಸ್ಟರ್ ಹಿಲ್’ 2017ರಲ್ಲಿ ಪ್ರಕಟವಾಯಿತು. ಗಂಡನನ್ನು ಕಳೆದುಕೊಂಡ ಕೇನ್ ಪ್ರೆಸ್ಕಾಟ್ ಎಂಬ ಹೆಣ್ಣುಮಗಳು ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರಿನಲ್ಲಿ ಪಾಳುಬಿದ್ದ ಮನೆಯೊಂದನ್ನು ಕೊಂಡು ಅಲ್ಲಿಗೆ ಬರುತ್ತಾಳೆ. ಅದೇ ಮನೆಯ ಬಳಿ 1906ರಲ್ಲಿ ಗುರುತು ಸಿಗದ ಯುವತಿಯೊಬ್ಬಳ ಶವ ಮರದ ಬುಡದಲ್ಲಿ ಸಿಕ್ಕಿತ್ತು. ಆಕೆ ಯಾರೆಂದು ತಿಳಿಯಲು ಐವಿ ಥಾರ್ಪ್ ಎಂಬಾಕೆ ಆಗ ಪಟ್ಟುಹಿಡಿದಿದ್ದಳು. ಅಧ್ಯಾಯಗಳು ಒಮ್ಮೆ ಐವಿಯ ಕಾಲಕ್ಕೆ, ಒಮ್ಮೆ ಕೇನ್‌ಳ ಕಾಲಕ್ಕೆ ಹೊರಳುತ್ತ ಸಾಗುತ್ತವೆ. ಎರಡು ಕಾಲದಲ್ಲೂ ಒಂದೊಂದು ಪ್ರೇಮಕಥೆ, ಎರಡನ್ನೂ ಹೆಣೆಯುವ ಒಂದು ರಹಸ್ಯ. ಅಮೆರಿಕದ ಪ್ರೊಟೆಸ್ಟಂಟ್ ಓದುಗರಿಗಾಗಿ ಪುಸ್ತಕ ತರುವ ಪ್ರಕಾಶನಗಳಲ್ಲಿ ಈ ಮಾದರಿ ಕಳೆದ ಎರಡು ದಶಕಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅಲ್ಲಿಯೇ ಅದು ಇಷ್ಟು ಬಲವಾಗಿ ಬೇರೂರಿದ್ದೇಕೆ ಎಂಬುದು ಈ ಲೇಖನದ ಪ್ರಶ್ನೆ.

ಹಳೆಯ ಕಾಲದ ಉಡುಗೆತೊಡುಗೆ, ಪತ್ತೇದಾರಿಯ ಕುತೂಹಲ, ಪ್ರೇಮದ ಸುಖಾಂತ್ಯ ಇವೆಲ್ಲ ಓದುಗರನ್ನು ಸೆಳೆಯುತ್ತವೆ, ನಿಜ. ಆದರೆ ಇವು ಬೇರೆ ಕಾದಂಬರಿಗಳಲ್ಲೂ ಸಿಗುತ್ತವೆ. ಈ ಪ್ರಕಾರದ ವಿಶೇಷ ಸೆಳೆತ ಅದರ ನಂಬಿಕೆಯೊಳಗೇ ಇದೆ ಎಂಬುದು ನನ್ನ ವಾದ. ಮನುಷ್ಯನಿಗೆ ಒಂದೇ ಜನ್ಮ ಎಂದು ನಂಬುವ ಧರ್ಮದಲ್ಲಿ, ಆ ಒಂದು ಜನ್ಮದೊಳಗೆ ನ್ಯಾಯ ಸಿಗದೆ ಮುಗಿದುಹೋದ ಬದುಕಿನ ಗತಿಯೇನು? ಈ ಕಾದಂಬರಿಗಳು ಮತ್ತೆ ಮತ್ತೆ ಎದುರಾಗುವುದು ಈ ಪ್ರಶ್ನೆಗೆ.

ತಂತ್ರ ಮಾತ್ರ ಕ್ರೈಸ್ತ ಭಕ್ತಿಯಿಂದ ಹುಟ್ಟಿದ್ದಲ್ಲ. 1850ರ ‘ದ ಸ್ಕಾರ್ಲೆಟ್ ಲೆಟರ್’ ಕಾದಂಬರಿಗೆ ಬರೆದ ದೀರ್ಘ ಪೀಠಿಕೆಯಲ್ಲಿ ನಥಾನಿಯಲ್ ಹಾಥಾರ್ನ್, ಸುಂಕದ ಕಚೇರಿಯ ಮೇಲಂತಸ್ತಿನಲ್ಲಿ ಹಳೆಯ ಕಾಗದಗಳ ಜೊತೆ ಕೆಂಪು ಬಟ್ಟೆಯ ಅಕ್ಷರವೊಂದು ಸಿಕ್ಕಿತೆಂದು ಕಥೆ ಕಟ್ಟುತ್ತಾನೆ. ಒಂದು ವಸ್ತು, ಒಂದು ಕಾಗದದ ಕಟ್ಟು, ಅದನ್ನು ಎತ್ತಿಕೊಳ್ಳುವ ಒಂದು ಕೈ. ಇಂದಿನ ಜೋಡಿಕಾಲದ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲೇ ಇದೆ. 1868ರಲ್ಲಿ ಬಂದ ವಿಲ್ಕಿ ಕಾಲಿನ್ಸ್‌ನ ‘ದ ಮೂನ್‌ಸ್ಟೋನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಆ ಕಾದಂಬರಿ ಶುರುವಾಗುವುದು 1799ರ ಮೇ 4ರಂದು ಬಿದ್ದ ಶ್ರೀರಂಗಪಟ್ಟಣದ ಕೋಟೆಯಲ್ಲಿ. ಲೂಟಿಯ ಗದ್ದಲದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಕೊಲೆ ಮಾಡಿ ದೋಚಿದ ವಜ್ರ ಅರ್ಧ ಶತಮಾನದ ನಂತರ ಯಾರ್ಕ್‌ಷೈರಿನ ಮನೆಯೊಂದರ ಹೆಣ್ಣುಮಗಳ ಕೈಸೇರುತ್ತದೆ. ಹಿಂದಿನವರ ಪಾಪ ಮುಂದಿನವರ ಪ್ರೇಮವನ್ನು ಕದಡುತ್ತದೆ. ಪ್ರೇಮ, ರಹಸ್ಯ, ಇತಿಹಾಸದ ಅನ್ಯಾಯ ಮೂರೂ ಒಂದೇ ವಸ್ತುವಿಗೆ ಜೋತುಬಿದ್ದಿರುವ ಈ ರಚನೆಯೊಳಗೇ ಕಾಲಿನ್ಸ್, ಧರ್ಮಪ್ರಚಾರದ ಕಿರುಹೊತ್ತಗೆ ಹಂಚುತ್ತ ತಿರುಗುವ ಮಿಸ್ ಕ್ಲ್ಯಾಕ್‌ಳನ್ನು ಕಟುವಾಗಿ ಗೇಲಿ ಮಾಡಿದ್ದಾನೆ. ಅವಳಂಥ ಭಕ್ತೆಯರ ಮರಿಮೊಮ್ಮಕ್ಕಳೇ ಮುಂದೊಂದು ದಿನ ಈ ರಚನೆಯನ್ನು ತಮ್ಮದಾಗಿಸಿಕೊಳ್ಳುತ್ತಾರೆಂದು ಆತ ಊಹಿಸಿರಲಾರ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇದಕ್ಕೆ ಸಾಹಿತ್ಯಕ ಗೌರವವನ್ನು ಗಟ್ಟಿಗೊಳಿಸಿದ್ದು, 1990ರ ಬೂಕರ್ ಪ್ರಶಸ್ತಿ ಪಡೆದ ಎ. ಎಸ್. ಬಯಾಟ್ ಅವರ ‘ಪೊಸೆಷನ್’.

ಇಲ್ಲಿ ಒಂದು ಹೋಲಿಕೆ ಅಗತ್ಯ. 1986ರಲ್ಲಿ ಬಾರ್ಬರಾ ಅರ್ಸ್ಕಿನ್ ಬರೆದ ಜನಪ್ರಿಯ ಕಾದಂಬರಿ ‘ಲೇಡಿ ಆಫ್ ಹೇ’ಯಲ್ಲಿ ಇಂದಿನ ಪತ್ರಕರ್ತೆಯೊಬ್ಬಳು ಸಂಮೋಹನದ ಮೂಲಕ ಮಧ್ಯಯುಗದ ಮಟಿಲ್ಡಾಳ ಬದುಕನ್ನು ತನ್ನದೇ ಎಂಬಂತೆ ಬಾಳುತ್ತಾಳೆ. ಎರಡು ಕಾಲವನ್ನು ಬೆಸೆಯಲು ಪೂರ್ವಜನ್ಮದ ನೆನಪು ಎಷ್ಟು ಸಲೀಸೆಂಬುದು ನಮಗೆ ಹೊಸದಲ್ಲ. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಪಂಪ ಕಟ್ಟುವ ಭವಾವಳಿಯನ್ನೇ, ಅಂದರೆ ಜನ್ಮಜನ್ಮಗಳ ಸರಣಿಯನ್ನೇ ನೋಡಿ. ಶ್ರೀಮತಿಗೆ ಹಿಂದಿನ ಜನ್ಮದ ಲಲಿತಾಂಗ ನೆನಪಾಗುತ್ತಾನೆ, ಅವಳು ಆ ಜನ್ಮದ ಕಥೆಯನ್ನು ಚಿತ್ರಪಟದಲ್ಲಿ ಬರೆಯುತ್ತಾಳೆ, ದಾದಿ ಪಂಡಿತೆ ಅದನ್ನು ಜಿನಾಲಯಕ್ಕೆ ಒಯ್ಯುತ್ತಾಳೆ, ಅದನ್ನು ಕಂಡ ವಜ್ರಜಂಘನಿಗೆ ತಾನೇ ಲಲಿತಾಂಗನಾಗಿದ್ದೆನೆಂಬ ಅರಿವಾಗುತ್ತದೆ. ಆ ಪಟ ಕೆಲಸ ಮಾಡುವುದು ಒಂದೇ ಜೀವ ಎರಡು ಕಾಲದಲ್ಲಿ ಇತ್ತು ಎಂಬ ಆಧಾರದ ಮೇಲೆ.

ಕ್ರೈಸ್ತ ಕಾದಂಬರಿಕಾರ್ತಿಗೆ ಈ ದಾರಿ ಮುಚ್ಚಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯ ಮನುಷ್ಯ ಸಾಯುವುದು ಒಂದೇ ಸಲ, ಆಮೇಲೆ ನ್ಯಾಯತೀರ್ಪು ಎಂದು ಖಚಿತವಾಗಿ ಹೇಳುತ್ತದೆ. ಆದ್ದರಿಂದ ಸತ್ತವಳ ನೆನಪು ಬದುಕಿರುವವಳ ಮನಸ್ಸಿನೊಳಗೆ ಏಳುವಂತಿಲ್ಲ, ಹೊರಗಿನಿಂದ ಅವಳ ಕೈಗೆ ಬರಬೇಕು. ಈ ಪ್ರಕಾರದಲ್ಲಿ ದಿನಚರಿ, ಪತ್ರ, ಉಂಗುರ, ಮದುವೆಯ ಉಡುಪು, ವರ್ಣಚಿತ್ರ, ಹಳೆಯ ಮನೆ ಇವು ತುಂಬಿ ತುಳುಕುವುದಕ್ಕೆ ಬರಿಯ ಅಲಂಕಾರಪ್ರೀತಿ ಕಾರಣವಲ್ಲ. ಹೈಡಿ ಕಿಯಾವರೋಲಿ ಅವರ ‘ಫ್ರೀಡಮ್ಸ್ ರಿಂಗ್’ (2017) ಕಾದಂಬರಿಯಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದಲ್ಲಿ ಬದುಕುಳಿದವಳನ್ನೂ 1770ರ ಬಾಸ್ಟನ್ ಹತ್ಯಾಕಾಂಡದ ಕಾಲದ ಹೆಣ್ಣನ್ನೂ ಕೂಡಿಸುವುದು ಒಂದು ಉಂಗುರ. ವಸ್ತು ಸರಿಯಾದವಳ ಕೈಗೆ ಸರಿಯಾದ ಹೊತ್ತಿಗೆ ಬಂದು ಸೇರುವುದನ್ನು ಸಾಮಾನ್ಯ ಓದುಗ ಕಾಕತಾಳೀಯ ಎಂದು ದೂರಬಹುದು. ಭಕ್ತ ಓದುಗರಿಗೆ ಅದು ದೇವರ ಸಂಕಲ್ಪದ ಕುರುಹು. ಕಥೆಯ ದೌರ್ಬಲ್ಯವೆಂದು ವಿಮರ್ಶಕರು ಎಣಿಸುವ ಜಾಗದಲ್ಲೇ ಇವರಿಗೆ ಕಥೆಯ ಸತ್ಯ ಕಾಣುತ್ತದೆ. ಇದನ್ನು ಅರ್ಥಮಾಡಿಕೊಳ್ಳದೆ ಈ ಪುಸ್ತಕಗಳ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ಇದರ ಬೇರು ಬೈಬಲಿನಲ್ಲೇ ಇದೆ. ರೂತಳ ಪುಸ್ತಕ ಒಂದು ಪುಟ್ಟ ಪ್ರೇಮಕಥೆ. ಗಂಡನನ್ನು ಕಳೆದುಕೊಂಡ ಮೋವಾಬಿನ ಹೆಣ್ಣು ಅತ್ತೆ ನೊವೊಮಿಯ ಬೆನ್ನುಹಿಡಿದು ಬೇತ್ಲೆಹೇಮಿಗೆ ಬರುತ್ತಾಳೆ, ಹೊಲದಲ್ಲಿ ತೆನೆ ಹಕ್ಕಲಾಯುತ್ತಾಳೆ, ಬೋವಜನ ಕೈಹಿಡಿಯುತ್ತಾಳೆ. ಕಥೆ ಮದುವೆಗೆ ನಿಲ್ಲದೆ ವಂಶಾವಳಿಯಲ್ಲಿ ಮುಗಿಯುತ್ತದೆ: ಅವಳ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ತನ್ನ ಮರಿಮಗ ಅರಸನಾಗುವನೆಂಬುದು ಹೊಲದಲ್ಲಿ ಬಗ್ಗಿದ್ದ ರೂತಳಿಗೆ ಗೊತ್ತಿಲ್ಲ, ಓದುವವರಿಗೆ ಗೊತ್ತು. ಹಳೆ ಒಡಂಬಡಿಕೆಯ ಘಟನೆ ಹೊಸ ಒಡಂಬಡಿಕೆಯಲ್ಲಿ ಪೂರ್ಣಗೊಳ್ಳುತ್ತದೆ ಎಂಬ ಓದುವ ಕ್ರಮವನ್ನು ಸಾಹಿತ್ಯ ವಿದ್ವಾಂಸ ಎರಿಕ್ ಔರ್‌ಬಾಖ್ 1938ರ ‘ಫಿಗುರಾ’ ಪ್ರಬಂಧದಲ್ಲಿ ವಿವರಿಸಿದ್ದಾನೆ. ಸೌದೆ ಹೊತ್ತು ಬೆಟ್ಟ ಹತ್ತುವ ಇಸಾಕ ಶಿಲುಬೆ ಹೊತ್ತ ಯೇಸುವಿನ ಮುನ್ಸೂಚನೆಯಾಗುತ್ತಾನೆ, ಆದರೂ ಇಸಾಕ ಇತಿಹಾಸದ ನಿಜವ್ಯಕ್ತಿಯಾಗಿಯೇ ಉಳಿಯುತ್ತಾನೆ. ಭಾನುವಾರದ ಉಪದೇಶಗಳಲ್ಲಿ ಈ ಕ್ರಮವನ್ನು ಬಾಲ್ಯದಿಂದ ಕೇಳಿ ಬೆಳೆದವರಿಗೆ ಎರಡು ಕಾಲದ ಕಾದಂಬರಿಯನ್ನು ಓದುವ ಬಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅಮೆರಿಕದ ಮನೆಗಳಲ್ಲಿ ಕುಟುಂಬದ ದೊಡ್ಡ ಬೈಬಲಿನ ಎರಡು ಒಡಂಬಡಿಕೆಗಳ ನಡುವೆ ಜನನ, ಮದುವೆ, ಮರಣಗಳನ್ನು ಬರೆದಿಡುವ ಹಾಳೆಗಳಿರುತ್ತಿದ್ದವು. ಮನೆತನದ ಚರಿತ್ರೆಯೂ ಧರ್ಮಗ್ರಂಥವೂ ಅಲ್ಲಿ ಒಂದೇ ಹೊದಿಕೆಯೊಳಗಿದ್ದವು.

ಮಾರುಕಟ್ಟೆಯ ಕಥೆಯನ್ನು ಬೇಗ ಹೇಳಬಹುದು. ಕಾದಂಬರಿಯ ಬಗ್ಗೆ ಪ್ರೊಟೆಸ್ಟಂಟ್ ಭಕ್ತರಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅನುಮಾನವಿತ್ತು. ಲ್ಯೂ ವಾಲೇಸ್‌ನ ‘ಬೆನ್ ಹರ್’ (1880) ಆ ಬಾಗಿಲನ್ನು ಬಹಳಷ್ಟು ತೆರೆಯಿತು. 1950ರಲ್ಲಿ ಕ್ರೈಸ್ತ ಪುಸ್ತಕ ವ್ಯಾಪಾರಿಗಳ ಸಂಘ ಹುಟ್ಟಿತು, 1967ರಲ್ಲಿ ಕ್ಯಾಥರಿನ್ ಮಾರ್ಷಲ್ ಅವರ ‘ಕ್ರಿಸ್ಟಿ’ ಬಂತು. ಜ್ಯಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ಯನ್ನು ಬೆಥನಿ ಹೌಸ್ 1979ರಲ್ಲಿ ಪ್ರಕಟಿಸಿದಾಗ ಕ್ರೈಸ್ತ ಐತಿಹಾಸಿಕ ಪ್ರೇಮಕಾದಂಬರಿಗೆ ದೊಡ್ಡ ಓದುಗ ಬಳಗವಿರುವುದು ಸಾಬೀತಾಯಿತು. ಮಾರ್ಷಲ್ ಅವರ ಕಾದಂಬರಿಯ ಹೆಸರಿನ ಕ್ರಿಸ್ಟಿ ಪ್ರಶಸ್ತಿಯನ್ನು 2000ದಿಂದ ಕೊಡುತ್ತಿದ್ದಾರೆ. 2018ರಲ್ಲಿ ‘ದ ಹೌಸ್ ಆನ್ ಫಾಸ್ಟರ್ ಹಿಲ್’ ಕೂಡ ಅದನ್ನು ಪಡೆಯಿತು. ಈ ಪ್ರಕಾಶನಗಳಲ್ಲಿ ಬೈಗುಳ ಬೇಡ, ಶೃಂಗಾರದ ಬಿಡಿಸಿದ ವರ್ಣನೆ ಬೇಡ ಎಂಬ ಕಟ್ಟುಪಾಡುಗಳಿವೆ. ಓಕ್ ಕಟ್ಟಿದ ಹುಲ್ಲುಗಾವಲಿನ ಸೌಮ್ಯ ಲೋಕಕ್ಕೆ ಇವು ಒಗ್ಗುತ್ತಿದ್ದವು. ಯುದ್ಧ, ಗುಲಾಮಗಿರಿ, ಹೆಣ್ಣಿನ ಮೇಲಿನ ದೌರ್ಜನ್ಯಗಳನ್ನು ಮುಟ್ಟಬಯಸಿದ ಮುಂದಿನ ಪೀಳಿಗೆಯ ಲೇಖಕಿಯರಿಗೆ ಜೋಡಿಕಾಲ ಅನುಕೂಲವಾಗಿ ಒದಗಿತು. ಕೇಡನ್ನು ಅದರ ಪೂರ್ತಿ ಭಾರದೊಂದಿಗೆ ಹಿಂದಿನ ಕಾಲದಲ್ಲಿ ಇಡಬಹುದು, ಓದುಗರು ನಿರೀಕ್ಷಿಸುವ ನೆಮ್ಮದಿಯನ್ನು ಇಂದಿನ ಕಾಲದಲ್ಲಿ ಕೊಡಬಹುದು.

ರಹಸ್ಯದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪತ್ತೇದಾರಿ ಕಥೆ ಸಾಮಾನ್ಯವಾಗಿ ಅಪರಾಧಿಯನ್ನು ಕಾನೂನಿಗೆ ಒಪ್ಪಿಸಿ ಮುಗಿಯುತ್ತದೆ. ನೂರು ವರ್ಷ ಹಿಂದಿನ ಅಪರಾಧಿ ಸತ್ತುಹೋಗಿದ್ದಾನೆ, ಅವನನ್ನು ಯಾವ ನ್ಯಾಯಾಲಯಕ್ಕೂ ಎಳೆಯಲಾಗದು. ಸತ್ಯ ತಿಳಿದ ಮೇಲೆ ಉಳಿದವರು ಏನು ಮಾಡಬೇಕೆಂಬ ಪ್ರಶ್ನೆ ಬರಿದಾಗಿ ಎದುರು ನಿಲ್ಲುತ್ತದೆ, ಕ್ಷಮೆ ಮತ್ತು ಕೃಪೆಯ ಮಾತಿಗೆ ಅಲ್ಲಿ ಎಡೆ ಸಿಗುತ್ತದೆ. ಉಪದೇಶವೆಂದು ತೋರದಂತೆ ಕ್ರೈಸ್ತ ತತ್ತ್ವವನ್ನು ಕಥೆಯ ಕೀಲಿನಲ್ಲೇ ಕೂರಿಸಲು ಇದಕ್ಕಿಂತ ಒಳ್ಳೆಯ ರಚನೆ ಈ ಲೇಖಕಿಯರಿಗೆ ಸಿಕ್ಕಿಲ್ಲ ಎನ್ನಬೇಕು.

ಆದರೆ ಇದೇ ಬಲ ಅಪಾಯವೂ ಹೌದು. ಕ್ರಿಸ್ಟಿ ಕ್ಯಾಂಬ್ರನ್ ಅವರ ‘ದ ಬಟರ್‌ಫ್ಲೈ ಅಂಡ್ ದ ವಯೊಲಿನ್’ (2014) ಕಾದಂಬರಿಯಲ್ಲಿ ಮ್ಯಾನ್‌ಹಟನ್‌ನ ಕಲಾವ್ಯಾಪಾರಿ ಸೆರಾ ಜೇಮ್ಸ್ ಹುಡುಕುವ ಚಿತ್ರ, ತಲೆ ಬೋಳಿಸಿ ತೋಳಿಗೆ ಸಂಖ್ಯೆ ಹಚ್ಚಿದ ಪಿಟೀಲುವಾದಕಿಯದು. ಅವಳು ಅಡೆಲ್, ವಿಯೆನ್ನಾದ ಸೇನಾಧಿಕಾರಿಯ ಮಗಳು, ಯಹೂದಿಗಳನ್ನು ಪಾರುಮಾಡಲು ಹೋಗಿ ಆಶ್‌ವಿಟ್ಸ್ ಸೇರಿದವಳು. ಆಶ್‌ವಿಟ್ಸ್‌ನ ಮಹಿಳಾ ವಾದ್ಯವೃಂದ ಇತಿಹಾಸದಲ್ಲಿ ನಿಜವಾಗಿ ಇತ್ತು. ಅದನ್ನು ನಡೆಸಿದ ಆಲ್ಮಾ ರೋಸೆ ವಿಯೆನ್ನಾದವಳೇ, ಯಹೂದಿ ಮೂಲದವಳು, ಸಂಗೀತಗಾರ ಗುಸ್ತಾವ್ ಮಾಹ್ಲರನ ತಂಗಿಯ ಮಗಳು. 1944ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತಳು. ಅವಳಂಥವರ ಯಾತನೆಯ ನಡುಮಧ್ಯೆ ಕ್ರೈಸ್ತ ನಾಯಕಿಯನ್ನು ನಿಲ್ಲಿಸಿ, ಆ ನೋವನ್ನು ಇಂದಿನ ನ್ಯೂಯಾರ್ಕಿನ ಪ್ರೇಮಭಂಗಕ್ಕೆ ಮದ್ದಾಗಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕ್ಯಾಂಬ್ರನ್ ಅವರ ಶ್ರದ್ಧೆಯ ಬಗ್ಗೆ ಅನುಮಾನವಿಲ್ಲ. ತೊಂದರೆ ರಚನೆಯದು. ಮುನ್ಸೂಚನೆ ಮತ್ತು ಪೂರ್ಣತೆಯ ಕ್ರಮವನ್ನು ಇತಿಹಾಸದ ಮೇಲೆ ಹೊದಿಸಿದಾಗ ಸತ್ತವರು ಬದುಕಿರುವವರ ಪಾಠಕ್ಕಾಗಿ ಸತ್ತಂತೆ ಕಾಣತೊಡಗುತ್ತದೆ. ಔರ್‌ಬಾಖ್ ಒತ್ತಿಹೇಳಿದ ಎಚ್ಚರ, ಅಂದರೆ ಮುನ್ಸೂಚನೆಯಾದವನು ತನ್ನ ಕಾಲದಲ್ಲಿ ತಾನೇ ಆಗಿ ನಿಜವಾಗಿರಬೇಕೆಂಬುದು, ಇಂಥಲ್ಲಿ ಸಡಿಲವಾಗುತ್ತದೆ.

ಆ ಎಚ್ಚರವನ್ನು ಕಾಯ್ದುಕೊಂಡ ಕೃತಿಯೆಂದರೆ ಸೂಸನ್ ಮೀಸ್ನರ್ ಅವರ ‘ದ ಶೇಪ್ ಆಫ್ ಮರ್ಸಿ’ (2008). ಕ್ಯಾಲಿಫೋರ್ನಿಯಾದ ಸಿರಿವಂತರ ಮಗಳು ಲಾರೆನ್, ಅಬಿಗೇಲ್ ಎಂಬ ವೃದ್ಧೆಯ ಮನೆಯಲ್ಲಿ ಕೆಲಸಕ್ಕೆ ಸೇರಿ, ಮರ್ಸಿ ಹೇವರ್ತ್ ಎಂಬ ಕಲ್ಪಿತ ಹುಡುಗಿಯ ದಿನಚರಿಯನ್ನು ಇಂದಿನ ಇಂಗ್ಲಿಷಿಗೆ ಇಳಿಸುತ್ತಾಳೆ. ದಿನಚರಿ 1692ರ ಸೇಲಮ್‌ನದು. ಮಾಟ ಮಾಡಿದರೆಂಬ ಆರೋಪದ ಮೇಲೆ ಹತ್ತೊಂಬತ್ತು ಜನರನ್ನು ಅಲ್ಲಿ ಗಲ್ಲಿಗೇರಿಸಿದ್ದರು, ಹಾಗೆ ಮಾಡಿದವರು ಬೈಬಲನ್ನು ನಂಬಿದವರೇ. ಕ್ರೈಸ್ತ ಓದುಗರಿಗಾಗಿ ಬರೆದ ಕಾದಂಬರಿ ಕ್ರೈಸ್ತ ಸಮುದಾಯವೇ ಮಾಡಿದ ಕೇಡನ್ನು ಎತ್ತಿಕೊಂಡಿತೆಂಬುದೇ ಅದರ ದಿಟ್ಟತನ. ಮರ್ಸಿಗೆ ಆದದ್ದು ಲಾರೆನ್‌ಳಿಂದ ಸರಿಹೋಗುವುದಿಲ್ಲ. ಗುಂಪಿನ ಮಾತು ಕೇಳಿ ಇನ್ನೊಬ್ಬರ ಬಗ್ಗೆ ಮೊದಲೇ ತೀರ್ಮಾನ ಮಾಡಿಬಿಡುವ ಗುಣ ತನ್ನಲ್ಲೂ ಇದೆಯೆಂದು ಅವಳು ಕಂಡುಕೊಳ್ಳುತ್ತಾಳೆ. ಹಿಂದಿನವಳ ನೋವಿನಿಂದ ಇಂದಿನವಳಿಗೆ ಸಮಾಧಾನದ ಬದಲು ಆತ್ಮಪರೀಕ್ಷೆ ದಕ್ಕುವ ಈ ದಾರಿಯಲ್ಲಿ ಮುಂದಿನ ಲೇಖಕಿಯರಲ್ಲಿ ಎಷ್ಟು ಮಂದಿ ನಡೆದಿದ್ದಾರೆ ಎಂಬುದು ಕೃತಿಕೃತಿಯನ್ನೂ ಹಿಡಿದು ನೋಡಬೇಕಾದ ವಿಷಯ.