ಹಡಗು ಹೊರಡದ ವರ್ಷ

1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಭಾರತ ಸರಕಾರವು ಆ ವರ್ಷದ ಹಜ್ಜ್ ಯಾತ್ರೆಯನ್ನು ತಡೆಹಿಡಿಯಿತು. ಆಗ ಹಿಜ್ರಿ 1314ರ ರಮಝಾನ್ ತಿಂಗಳು. ಹಜ್ಜ್‌ಗೆ ಉಳಿದಿದ್ದುದು ಮೂರು ತಿಂಗಳಿಗಿಂತ ಕಡಿಮೆ ಸಮಯ. ಚಿಕ್ಕೋಡಿ, ಅಥಣಿಯಂತಹ ತಾಲೂಕುಗಳು ಅಂದು ಮುಂಬೈ ಪ್ರಾಂತಕ್ಕೆ ಸೇರಿದ್ದವು, ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಆಡಳಿತ ಯಾರದಾದರೇನು, ಕರೋಶಿಯ ರೈತನಿಗಾಗಲಿ ನಿಪ್ಪಾಣಿಯ ತಂಬಾಕು ವ್ಯಾಪಾರಿಗಾಗಲಿ ಮಕ್ಕಾದ ಹಾದಿ ಹಾಯ್ದು ಹೋಗುತ್ತಿದ್ದುದು ಮುಂಬೈ ಬಂದರಿನ ಮೂಲಕವೇ. ಆ ಬಾಗಿಲು ಮುಚ್ಚಿತು.

ಅಂದಿನ ಹಜ್ಜ್ ಇಂದಿನಂತೆ ನಲವತ್ತು ದಿನಗಳ ಪ್ರಯಾಣವಲ್ಲ. ಹೊರಡುವವನು ಸಾಲ ತೀರಿಸಬೇಕು, ತನ್ನಲ್ಲಿಟ್ಟ ಅಮಾನತ್ತುಗಳನ್ನು ಒಡೆಯರಿಗೆ ಒಪ್ಪಿಸಬೇಕು, ತಾನು ಮರಳುವವರೆಗೆ ಮನೆಮಂದಿಯ ಅನ್ನಕ್ಕೆ ವ್ಯವಸ್ಥೆ ಮಾಡಬೇಕು, ಮರಳದೆ ಹೋದರೆ ಏನೆಂದು ವಸಿಯ್ಯತ್ ಹೇಳಬೇಕು. ಬಳಿಕ ಹಡಗು, ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತಪಾಸಣೆಯ ದಿಗ್ಬಂಧನ, ಜಿದ್ದಾದಿಂದ ಒಂಟೆಗಳ ಸಾಲು. ಹೀಗೆ ಲೋಕದ ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಕೊಂಡು ಕುಳಿತವನಿಗೆ 'ಹೋಗುವಂತಿಲ್ಲ' ಎಂಬ ಮಾತು ಕೇಳಿಬಂದಾಗ ಹೇಗಾಗಿದ್ದಿರಬೇಕು!

ಕಾರಣ ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡ್ವಿ ಪ್ರದೇಶದಲ್ಲಿ ಅದು ಪತ್ತೆಯಾಯಿತು. ಯಾತ್ರಿಕರೊಂದಿಗೆ ರೋಗವು ಹಿಜಾಝ್‌ಗೂ ಅಲ್ಲಿಂದ ಯುರೋಪಿಗೂ ಹಬ್ಬೀತೆಂದು ಪಾಶ್ಚಾತ್ಯ ರಾಷ್ಟ್ರಗಳು ಭಯಪಟ್ಟು, 1897ರ ಆರಂಭದಲ್ಲಿ ವೆನಿಸ್ ನಗರದಲ್ಲಿ ಸಮ್ಮೇಳನ ನಡೆಸಿದವು. ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು 1858ರಲ್ಲಿ ರಾಣಿಯ ಹೆಸರಿನಲ್ಲಿ ಮಾತು ಕೊಟ್ಟಿದ್ದ ಸರಕಾರ, ಯಾತ್ರೆಗೆ ತಡೆಯೊಡ್ಡಲು ಬಹುಕಾಲ ಹಿಂಜರಿಯುತ್ತಿತ್ತು. ಈ ಸಲ ಅದು ಮಣಿಯಿತು. ಯುರೋಪಿನ ಭಯದಲ್ಲಿ ವ್ಯಾಪಾರದ ಲೆಕ್ಕಾಚಾರವೂ ಬೆರೆತಿತ್ತೆಂಬುದು ನಿಜ. ಆದರೆ ರೋಗವು ಸುಳ್ಳಾಗಿರಲಿಲ್ಲ. ಹೆಚ್ಚು ದಿನ ಕಳೆಯುವ ಮುನ್ನವೇ ಅದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಬಂದಿಳಿಯಿತು. ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು.

ಇಂತಹ ಗಳಿಗೆಯಲ್ಲಿ ಸತ್ಯವಿಶ್ವಾಸಿ ಏನು ಮಾಡಬೇಕು? ಅಲ್ಲಾಹನ ಮನೆಗೆ ಹೊರಟವನನ್ನು ಅಲ್ಲಾಹನೇ ಕಾಯುತ್ತಾನೆ, ತಡೆಗೆ ಬಗ್ಗಬಾರದು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಇದು ತವಕ್ಕುಲ್‌ನಂತೆಯೇ ಕಾಣುತ್ತದೆ. ಆದರೆ ಹಝ್ರತ್ ಉಮರ್(ರ) ಅವರ ನಡೆ ಬೇರೆಯಿತ್ತು. ಅವರು ಶಾಮ್ ದೇಶಕ್ಕೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಸಾಂಕ್ರಾಮಿಕವಿದೆಯೆಂಬ ಸುದ್ದಿ ಬಂತು. ಸಮಾಲೋಚಿಸಿ, ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಅವರ ಉತ್ತರದ ಸಾರ. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅವನ ನಿರ್ಣಯವೇ ಅಲ್ಲವೇ ಎಂದೂ ಅವರು ಕೇಳಿದರು. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಸಾಂಕ್ರಾಮಿಕವಿರುವ ನಾಡಿಗೆ ಹೋಗಬಾರದು, ಅಲ್ಲಿರುವವರು ಹೊರಗೆ ಓಡಬಾರದು ಎಂಬ ಪ್ರವಾದಿವರ್ಯರ(ಸ) ಆದೇಶವನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು. ಅಬೂ ಉಬೈದಾ(ರ) ತಮ್ಮ ಸೈನ್ಯದೊಂದಿಗೆ ಶಾಮ್‌ನಲ್ಲೇ ಉಳಿದು ಅದೇ ರೋಗದಲ್ಲಿ ಮರಣಹೊಂದಿದರು. ಒಬ್ಬರು ಮರಳಿದರು, ಒಬ್ಬರು ಉಳಿದರು. ಭರವಸೆಯಲ್ಲಿ ಯಾರೂ ಕಡಿಮೆಯಿರಲಿಲ್ಲ.

ಕಅಬಾದ ಹಾದಿಯೇ ಮುಚ್ಚಿದ ಸಂದರ್ಭವು ಅದಕ್ಕೂ ಹಿಂದೆ, ಹಿಜ್ರಿ 6ರಲ್ಲಿ, ಸ್ವತಃ ಪ್ರವಾದಿವರ್ಯರ(ಸ) ಬದುಕಿನಲ್ಲಿ ನಡೆದಿದೆ. ಸುಮಾರು 1400 ಸಹಾಬಿಗಳು ಇಹ್ರಾಮ್ ಧರಿಸಿ, ಬಲಿಯ ಒಂಟೆಗಳೊಂದಿಗೆ ಉಮ್ರಾಕ್ಕೆ ಹೊರಟಿದ್ದರು. ಮಕ್ಕಾ ಇನ್ನೇನು ಹತ್ತಿರದಲ್ಲಿದೆ ಎನ್ನುವಾಗ ಹುದೈಬಿಯಾದಲ್ಲಿ ತಡೆಯಲ್ಪಟ್ಟರು. ಈ ವರ್ಷ ಮರಳಿ ಹೋಗಬೇಕೆಂಬ ಒಪ್ಪಂದವಾಯಿತು. ಒಪ್ಪಂದದ ಮಾತು ನಡೆಯುತ್ತಿರುವಾಗಲೇ ಅಬೂ ಜಂದಲ್(ರ) ಸಂಕೋಲೆಯೊಂದಿಗೆ ತಪ್ಪಿಸಿಕೊಂಡು ಬಂದರು, ಅವರನ್ನೂ ಹಿಂದಕ್ಕೆ ಒಪ್ಪಿಸಬೇಕಾಯಿತು. ಬಲಿಯನ್ನರ್ಪಿಸಿ ತಲೆ ಬೋಳಿಸಿಕೊಳ್ಳಿರಿ ಎಂದು ಪ್ರವಾದಿವರ್ಯರು(ಸ) ಮೂರು ಸಲ ಹೇಳಿದರೂ ದುಃಖದಲ್ಲಿ ಮುಳುಗಿದ್ದ ಆ ಜನರಲ್ಲಿ ಒಬ್ಬರೂ ಏಳಲಿಲ್ಲ. ಬದ್ರ್‌ನಲ್ಲಿ ಹೋರಾಡಿದವರೂ ಅವರಲ್ಲಿದ್ದರು! ಉಮ್ಮು ಸಲಮಾ(ರ) ಅವರು, ಯಾರೊಂದಿಗೂ ಮಾತನಾಡದೆ ತಾವೇ ಮೊದಲು ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿರಿ ಎಂದು ಸಲಹೆಯಿತ್ತರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಅದನ್ನು ಕಂಡು ಎಲ್ಲರೂ ಎದ್ದರು.

ನಾವು ಈ ಘಟನೆಯನ್ನು ಅಲ್ ಫತ್ಹ್ ಅಧ್ಯಾಯವನ್ನು ಓದಿದ ಬಳಿಕ ಓದುತ್ತೇವೆ. ಅದು ವಿಜಯವಾಗಿತ್ತೆಂದು, ಎರಡೇ ವರ್ಷಗಳಲ್ಲಿ ಮಕ್ಕಾ ತೆರೆಯಿತೆಂದು ನಮಗೆ ಗೊತ್ತು. ಆದ್ದರಿಂದ 'ಕೊನೆಗೆ ಒಳ್ಳೆಯದೇ ಆಗುತ್ತದೆ' ಎಂಬುದೇ ತವಕ್ಕುಲ್ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಅಧ್ಯಾಯ ಅವತೀರ್ಣವಾದದ್ದು ಮದೀನಾಕ್ಕೆ ಮರಳುವ ದಾರಿಯಲ್ಲಿ. ತಲೆ ಬೋಳಿಸಿಕೊಳ್ಳುವಾಗ ಅವರಿಗೆ ಏನೂ ತಿಳಿದಿರಲಿಲ್ಲ. ಇನ್ನೂ ಒಂದು ಮಾತಿದೆ, ಅದನ್ನು ಪ್ರವಚನಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಕೆಲವೇ ವಾರಗಳಲ್ಲಿ ಖೈಬರ್‌ಗೆ ಹೊರಟವರಲ್ಲಿ ಬಹುಪಾಲು ಹುದೈಬಿಯಾದಲ್ಲಿದ್ದವರೇ. ಅಲ್ಲಿ ಹುತಾತ್ಮರಾದವರು ಮುಂದಿನ ವರ್ಷದ ಉಮ್ರಾವನ್ನು ಕಾಣಲಿಲ್ಲ. ಅವರ ಪಾಲಿಗೆ ಈ ಲೋಕದಲ್ಲಿ ಕಅಬಾದ ಹಾದಿ ಹುದೈಬಿಯಾದಲ್ಲೇ ಮುಗಿಯಿತು. ಅವರ ತವಕ್ಕುಲ್ ಇದರಿಂದ ಕುಂದಿತೇ? ತಡೆಯಲ್ಪಟ್ಟ ಯಾತ್ರಿಕನು ತನಗೆ ಸಾಧ್ಯವಾದ ಬಲಿಯನ್ನರ್ಪಿಸಲೆಂಬ ವಿಧಿ ಅಲ್ ಬಕರಾದ 196ನೇ ವಚನದಲ್ಲಿದೆ. ದಾರಿ ಮುಚ್ಚುವುದನ್ನೂ ಶರೀಅತ್ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ.

ನಮ್ಮ ಕಾಲದ ಎರಡು ವರ್ಷಗಳನ್ನು ನೆನೆಯೋಣ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರದ ಊರುಗಳು ಜಲಾವೃತವಾದವು. ಆಗಸ್ಟ್ 12ರಂದು ಬಕ್ರೀದ್ ಬಂದಾಗ ಮನೆಮಾರು ಬಿಟ್ಟವರು ಇನ್ನೂ ಪರಿಹಾರ ಕೇಂದ್ರಗಳಲ್ಲಿದ್ದರು. ನಿಂತ ಕಬ್ಬು ನೀರಿನಡಿಯಿತ್ತು. ಆ ಕಬ್ಬಿನ ಹಣದಲ್ಲಿ ಯಾವ ಮನೆಯ ಮದುವೆಯಿತ್ತೋ, ಯಾವ ಮನೆಯ ಹಜ್ಜ್ ಇತ್ತೋ ಅಲ್ಲಾಹನೇ ಬಲ್ಲ.

ಮರುವರ್ಷವೇ ಕೊರೊನಾ. 2020ರ ಜೂನ್‌ನಲ್ಲಿ ಭಾರತದಿಂದ ಹಜ್ಜ್ ಯಾತ್ರೆ ಇಲ್ಲವೆಂದು ಪ್ರಕಟವಾಯಿತು, ಎರಡು ಲಕ್ಷಕ್ಕೂ ಹೆಚ್ಚು ಅರ್ಜಿದಾರರ ಹಣವನ್ನು ಹಿಂದಿರುಗಿಸಲಾಯಿತು. 2021ರಲ್ಲೂ ಹೊರದೇಶದವರಿಗೆ ಅವಕಾಶವಿರಲಿಲ್ಲ. 2022ರಲ್ಲಿ ಬಾಗಿಲು ತೆರೆದಾಗ 65 ವರ್ಷದೊಳಗಿನವರಿಗೆ ಮಾತ್ರ ಎಂಬ ನಿಯಮ ಬಂತು. 2020ರಲ್ಲಿ ಅರವತ್ತಮೂರರಲ್ಲಿದ್ದು ಸಿದ್ಧರಾಗಿದ್ದವರು ಎರಡು ವರ್ಷ ಕಾದು, ಕಾದದ್ದರಿಂದಲೇ ಹೊರಗುಳಿದರು. ಇದಕ್ಕಿಂತ ಕಠಿಣವಾದ ಸಬ್ರ್ ಯಾವುದಿದೆಯೋ ಕಾಣೆ. ಅಂತಹ ಹಿರಿಯರ ಮುಂದೆ 'ಎಲ್ಲದರಲ್ಲೂ ಒಳಿತಿದೆ' ಎಂದು ಅವಸರದಲ್ಲಿ ಹೇಳುವುದಕ್ಕಿಂತ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವುದು ಮೇಲು. ಹೇಳಲೇಬೇಕಾದರೆ ತಬೂಕ್‌ನಿಂದ ಮರಳುವಾಗಿನ ಪ್ರವಾದಿ ವಚನವನ್ನು ಹೇಳಬಹುದು. ಸಕಾರಣದಿಂದ ಮದೀನಾದಲ್ಲೇ ಉಳಿದವರು, ಸೈನ್ಯವು ದಾಟಿದ ಪ್ರತಿಯೊಂದು ಕಣಿವೆಯಲ್ಲೂ ಅದರೊಂದಿಗೇ ಇದ್ದರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದರು.

2023ರಲ್ಲಿ ವಯೋಮಿತಿಯನ್ನು ತೆಗೆದುಹಾಕಲಾಯಿತು. ಆ ವೇಳೆಗೆ ಕಾದವರಲ್ಲಿ ಎಲ್ಲರೂ ಉಳಿದಿರಲಿಲ್ಲ. ಹಜ್ಜ್‌ನ ಹರಕೆ ಹೊತ್ತು, ಅದನ್ನು ತೀರಿಸುವ ಮುನ್ನವೇ ತೀರಿಕೊಂಡ ತಾಯಿಯ ಕುರಿತು ಜುಹೈನಾ ಗೋತ್ರದ ಮಹಿಳೆಯೊಬ್ಬರು ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದ್ದರು. ತಾಯಿಗೆ ಸಾಲವಿದ್ದರೆ ತೀರಿಸುತ್ತಿರಲಿಲ್ಲವೇ, ಹಾಗೆಯೇ ಅವರ ಪರವಾಗಿ ಹಜ್ಜ್ ನಿರ್ವಹಿಸು ಎಂದು ಅವರಿಗೆ ಉತ್ತರ ದೊರೆಯಿತು. ತಂದೆತಾಯಿಯ ಪರವಾಗಿ ಬದಲಿ ಹಜ್ಜ್‌ನ ನಿಯ್ಯತ್ ಮಾಡಿ ಇಹ್ರಾಮ್ ಧರಿಸುವ ಮಕ್ಕಳು ಇಂದಿಗೂ ಲಬ್ಬೈಕ್‌ನೊಂದಿಗೆ ತಮ್ಮ ಹೆಸರಿನ ಬದಲು ಅವರ ಹೆಸರನ್ನು ಹೇಳುತ್ತಾರೆ.