ಕಾರ್ಡ್ ಗಿಫ್ಟ್ ಕೊಡುವ ಮೊದಲು ಬಾಬರನ ಕಥೆ ಕೇಳಿ

ಇವತ್ತಿನ ವಿಷಯ ಕಾರ್ಡ್. ಎಟಿಎಂ ಕಾರ್ಡಲ್ಲ, ಮಕ್ಕಳು ಸ್ಕೂಲ್ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಅಡಗಿಸಿಡುವ ಪೋಕೆಮಾನ್ ಕಾರ್ಡ್, ಕ್ರಿಕೆಟ್ ಕಾರ್ಡ್. ಹತ್ತು ವರ್ಷದ ಹುಡುಗನ ಬರ್ತ್‌ಡೇ ಉಂಟು, ಕೈಯಲ್ಲಿ ಐನೂರು ರೂಪಾಯಿ ಉಂಟು. ಯಾವ ಕಾರ್ಡ್ ಕೊಡೋದು? ಚಿಕ್ಕ ಪ್ರಶ್ನೆ ಅಂತ ಅನಿಸಬಹುದು. ಆದರೆ ನಮ್ಮ ದೇಶದಲ್ಲಿ ಕಾರ್ಡಿನ ಬಗ್ಗೆ ಸಿಗುವ ತೀರಾ ಹಳೆಯ ಬರಹಗಳಲ್ಲಿ ಒಂದು ಇಂಥದ್ದೇ ಒಂದು ಗಿಫ್ಟಿನ ಬಗ್ಗೆ.

ಇಸವಿ 1527. ಬಾಬರ್ ತನ್ನ ದಿನಚರಿಯಲ್ಲಿ ಬರೆದುಕೊಳ್ತಾನೆ: ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿದೆ, ಅವನಿಗೆ ಅವು ತುಂಬ ಇಷ್ಟ, ಬೇಕು ಅಂತ ಕೇಳಿದ್ದ ಅಂತ. ಅಷ್ಟೇ. ಆದರೆ ಹಿನ್ನೆಲೆ ನೋಡಿ. ಐದು ವರ್ಷದ ಹಿಂದೆ, 1522ರಲ್ಲಿ, ಇದೇ ಶಾ ಹಸನ್‌ನ ಅಪ್ಪನ ಕೈಯಿಂದ ಬಾಬರ್ ಕಂದಹಾರ್ ಕಿತ್ತುಕೊಂಡಿದ್ದ. ಅಂಥವನ ಮಗನಿಗೆ ಕಳಿಸಿದ್ದು ಚಿನ್ನವೂ ಅಲ್ಲ, ಕುದುರೆಯೂ ಅಲ್ಲ. ಆತ ಕೇಳಿದ್ದನ್ನೇ ಕಳಿಸಿದ. ಈ ಒಂದು ಮಾತು ನೆನಪಿಡಿ, ಮುಂದೆ ಬೇಕಾಗ್ತದೆ.

ಈಗ ನಮ್ಮ ಮೈಸೂರಿಗೆ ಬನ್ನಿ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಆಡಳಿತ ಕಿತ್ತುಕೊಂಡರು. ಹೆಸರಿಗೆ ರಾಜ, ಸಹಿ ಹಾಕುವ ಅಧಿಕಾರ ಇಲ್ಲ. ಅವರು ತೀರಿಕೊಂಡದ್ದು 1868ರಲ್ಲಿ, ಅಲ್ಲಿಯವರೆಗೂ ಅಧಿಕಾರ ವಾಪಸ್ ಬರಲೇ ಇಲ್ಲ. ಆದರೆ ಅರಮನೆಯಲ್ಲಿ ಪುಸ್ತಕ, ಚಿತ್ರ, ಆಟ ಎಲ್ಲ ಬೆಳೆಯಿತು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳು. ಅದರಲ್ಲಿ ಕೌತುಕನಿಧಿ ಅಂದರೆ ಆಟಗಳದ್ದು. ಅಲ್ಲಿ ಎಲೆ ಆಟಕ್ಕೆ ‘ಛದ’ ಅಂತ ಹೆಸರು, ಚಿಕ್ಕ ಆಟಕ್ಕೆ 36 ಎಲೆ, ದೊಡ್ಡದಕ್ಕೆ 360! ಮಾಮೂಲಿ ದಶಾವತಾರ ಗಂಜೀಫಾದಲ್ಲಿ 120 ಎಲೆ: ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು. ದುಂಡಗಿನ ಎಲೆ, ಕೈಯಲ್ಲೇ ಬಿಡಿಸಿದ ಬಣ್ಣ. ಇವತ್ತು ಮೈಸೂರು ಗಂಜೀಫಾಗೆ ಜಿಐ ಟ್ಯಾಗ್ ಉಂಟು. ಆದರೆ ಒಂದೆಲೆ ಕಳೆದರೆ ಆಟ ಮುಗೀತು. ಅಂದರೆ ಬೆಲೆ ಇರುವುದು ಒಂದು ಎಲೆಗಲ್ಲ, ಪೂರ್ತಿ ಸೆಟ್ಟಿಗೆ.

ಈ ‘ಸೆಟ್’ ಅನ್ನುವ ಆಸೆಯನ್ನೇ ಮುಂದೆ ಕಂಪನಿಗಳು ಹಿಡಿದುಕೊಂಡವು. 19ನೇ ಶತಮಾನದ ಕೊನೆಗೆ ಅಮೆರಿಕ, ಇಂಗ್ಲೆಂಡಿನ ಸಿಗರೇಟ್ ಪ್ಯಾಕ್ ಮೆತ್ತಗಿನ ಕಾಗದದ್ದು, ಒಳಗಿನ ಸಿಗರೇಟ್ ಬಗ್ಗಿ ಹೋಗ್ತಿತ್ತು. ಗಟ್ಟಿ ಇರಲಿ ಅಂತ ಒಂದು ರಟ್ಟು ಇಟ್ಟರು. ರಟ್ಟು ಖಾಲಿ ಯಾಕೆ ಅಂತ ಚಿತ್ರ ಹಾಕಿದರು. ಚಿತ್ರಕ್ಕೆ ನಂಬರ್ ಕೊಟ್ಟರು, 25 ಅಥವಾ 50ಕ್ಕೆ ಒಂದು ಸೆಟ್. ಸೇದುವುದು ಅಪ್ಪ, ಸೆಟ್ ಮುಗಿಸಬೇಕಾದ್ದು ಮಗ. ನಾನು ಬಿಕಾಂ ಓದಿದವ, ಇಷ್ಟು ಅಗ್ಗದ ಮಾರ್ಕೆಟಿಂಗ್ ಯಾವ ಪಠ್ಯಪುಸ್ತಕದಲ್ಲೂ ನೋಡಿಲ್ಲ. ನಮ್ಮ ಕಡೆ ಬೀಡಿ ಕಟ್ಟಿನಲ್ಲಿ ಇಂಥದ್ದೆಲ್ಲ ಇರಲಿಲ್ಲ, ಮಕ್ಕಳು ಕೂಡಿಟ್ಟದ್ದು ಬೆಂಕಿಪೆಟ್ಟಿಗೆಯ ಚಿತ್ರ. ಆಮೇಲೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಚಿತ್ರ ಬಂತು. ನಮ್ಮ ಕಾಲಕ್ಕೆ ಡಬ್ಲ್ಯೂಡಬ್ಲ್ಯೂಇ ಟ್ರಂಪ್ ಕಾರ್ಡ್, ಚಿಪ್ಸ್ ಪ್ಯಾಕೆಟಿನ ಟಾಜೋ.

ಇನ್ನು ಜನ ನನ್ನತ್ರ ಕೇಳುವ ಪ್ರಶ್ನೆ: ‘ಇದಕ್ಕೆ ಮುಂದೆ ರೇಟ್ ಬರ್ತದಾ?’ ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಕಾರ್ಡ್ ಮಾರಾಟವಾಗದೆ ಗೋಡೌನಿನಲ್ಲಿ ಕೊಳೆಯುತ್ತಿತ್ತು. 1960ರಲ್ಲಿ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿದದ್ದಾಗಿ ಅದನ್ನು ವಿನ್ಯಾಸ ಮಾಡಿದ ಸೈ ಬರ್ಗರ್ ಅವರೇ ಹೇಳಿದ್ದಾರೆ. ಅದೇ ಸೆಟ್ಟಿನ ಮಿಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು! ತಯಾರಿಸಿದವರಿಗೇ ಗೊತ್ತಾಗದ ರೇಟು ನಮಗೆಲ್ಲಿ ಗೊತ್ತಾಗ್ತದೆ? ಹತ್ತು ವರ್ಷದ ಮಗುವಿನ ಗಿಫ್ಟನ್ನು ಎಫ್‌ಡಿ ಮಾಡಬೇಡಿ.

ಪೋಕೆಮಾನ್ ಕಾರ್ಡ್ ಜಪಾನಿನಲ್ಲಿ ಶುರುವಾದದ್ದು 1996ರಲ್ಲಿ. ಈಗ ನಮ್ಮ ಫ್ಯಾನ್ಸಿ ಸ್ಟೋರುಗಳಲ್ಲೂ ನೇತಾಡ್ತಾ ಇರ್ತದೆ, ಇಡೀ ಪ್ಯಾಕ್ ಬಂಗಾರದ ಬಣ್ಣ, ಪ್ಲಾಸ್ಟಿಕ್ಕಿನ ಹೊಳಪು. ಅದು ಡೂಪ್ಲಿಕೇಟ್. ಅಸಲಿ ಪ್ಯಾಕಿನಲ್ಲಿ ಹೆಚ್ಚಿನವು ಸಾದಾ ರಟ್ಟಿನ ಕಾರ್ಡ್, ಹೊಳೆಯುವುದು ಕೆಲವು ಮಾತ್ರ. ಕೆಳಮೂಲೆಯಲ್ಲಿ ಸಣ್ಣ ಗುರುತು ಇರ್ತದೆ: ವೃತ್ತ ಅಂದರೆ ಮಾಮೂಲಿ, ನಕ್ಷತ್ರ ಅಂದರೆ ಅಪರೂಪ. ಎಲ್ಲವೂ ಅಪರೂಪ ಅಂತಾದರೆ ಯಾವುದೂ ಅಪರೂಪ ಅಲ್ಲ, ಇದು ಫಸ್ಟ್ ಇಯರ್ ಎಕನಾಮಿಕ್ಸ್.

ನನ್ನ ಅಕ್ಕನ ಮಗನಿಗೆ ಹೋದ ವರ್ಷ ನೆಂಟರೊಬ್ಬರು ಪ್ರೀತಿಯಿಂದಲೇ ಅಂಥ ಬಂಗಾರದ ಪ್ಯಾಕ್ ಕೊಟ್ಟರು. ಶಾಲೆಯ ವ್ಯಾನಿನಲ್ಲಿ ಒಬ್ಬನೂ ಅದನ್ನು ಬದಲಿಗೆ ತಗೊಳ್ಳಲಿಲ್ಲ. ಎಷ್ಟೋ ದಿನದ ಮೇಲೆ ನನ್ನತ್ರ ಮೆಲ್ಲ ಹೇಳಿದ, ‘ಮಾಮ, ಅವರಿಗೆ ಹೇಳ್ಬೇಡಿ ಆಯ್ತಾ, ಬೇಜಾರಾಗ್ತದೆ.’ ಕೊಟ್ಟವರ ಮನಸ್ಸು ನೋಯಬಾರದು ಅಂತ ಆ ಮಗು ಅಷ್ಟು ದಿನ ಒಬ್ಬನೇ ನುಂಗಿಕೊಂಡಿತ್ತು. ಅವನ ರಫ್ ಬುಕ್ಕಿನ ಕೊನೆಯ ಪುಟ ನೋಡಿದೆ. ಎರಡು ಕಾಲಂ: ‘ಉಂಟು’, ‘ಬೇಕು’. ನಾವು ಕಾಲೇಜಿನಲ್ಲಿ ಬರೆದ ಲೆಡ್ಜರಿಗಿಂತ ನೀಟು!

ಅಂಥ ಪುಟ ಕಾರ್ಡ್ ಕೂಡಿಡುವ ಪ್ರತಿ ಮಗುವಿನ ಹತ್ತಿರವೂ ಇರ್ತದೆ, ಬರೆದಿಡದಿದ್ದರೆ ತಲೆಯಲ್ಲಿ. ಆದ್ದರಿಂದ ಐನೂರು ರೂಪಾಯಿಗೆ ನನ್ನ ಲೆಕ್ಕ ಹೀಗೆ. ಮೊದಲು ‘ಬೇಕು’ ಕಾಲಂ ಕೇಳಿ. ಅದರಲ್ಲಿ ಇರುವ ಒಂದೆರಡು ಬಿಡಿ ಕಾರ್ಡ್ ನಂಬಿಕೆಯ ಅಂಗಡಿಯಿಂದ ತನ್ನಿ, ಅದು ಇಪ್ಪತ್ತು ರೂಪಾಯಿದ್ದಾದರೂ ಪರವಾಗಿಲ್ಲ. ಒಂದು ಅಸಲಿ ಪ್ಯಾಕ್ ತನ್ನಿ, ಒಡೆಯುವ ಖುಷಿಗೆ. ಉಳಿದದ್ದರಲ್ಲಿ ಕಾರ್ಡ್ ಇಡುವ ಫೈಲ್. ಹತ್ತು ಪ್ಯಾಕ್ ಬೇಡ, ಅದು ಲಾಟರಿ ಅಭ್ಯಾಸ.

‘ಕೇಳಿದರೆ ಸರ್‌ಪ್ರೈಸ್ ಹೋಗ್ತದಲ್ಲ’ ಅಂತೀರಾ? ಶಾ ಹಸನ್ ಕೇಳಿಯೇ ಪಡೆದ. ಸುಮಾರು 500 ವರ್ಷ ಆಯ್ತು, ಆ ಗಿಫ್ಟಿನ ಮಾತು ನಾವಿನ್ನೂ ಆಡ್ತಾ ಇದ್ದೇವೆ. ನಿಮ್ಮ ಮನೆಯ ಮಗುವಿನ ‘ಬೇಕು’ ಪಟ್ಟಿಯಲ್ಲಿ ಏನುಂಟು ಅಂತ ಇವತ್ತು ಕೇಳಿ ನೋಡಿ. ಮುಂದಿನ ವಾರ ಸಿಗುವ.